ಕುಂದಗೋಳದ ಗಾಯನ, ಮೂರು ನಿಮಿಷದ ತಟ್ಟೆ

ಇವತ್ತಿನ ಕಂತನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಆರನೇ ಕ್ಲಾಸಿನಲ್ಲಿದ್ದಾಗ ಅಜ್ಜನ ಟ್ರಂಕಿನಿಂದ ಒಂದು ಕಪ್ಪು ತಟ್ಟೆ ತೆಗೆದು ಅಂಗಳದಾಗ ಗಾಲಿ ಹಂಗ ಉರುಳಿಸಿದೆ. ಕಟ್ಟೆಗೆ ಬಡಿದು ಮೂರು ತುಂಡಾತು. ಅಜ್ಜ ಬೈಲಿಲ್ಲ. ತುಂಡುಗಳನ್ನು ಆರಿಸಿ, ಹಳೇ ಧೋತರದಾಗ ಸುತ್ತಿ, ಮತ್ತ ಟ್ರಂಕಿಗೇ ಇಟ್ಟರು. ಅದು ಗ್ರಾಮಫೋನ್ ತಟ್ಟೆ ಅಂತ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ.

ನಾನು ಬಿ.ಕಾಂ ಓದಿದವ, ಹಿಂಗಾಗಿ ಮೊದಲು ಲೆಕ್ಕ ಹಾಕ್ತೀನಿ. ಹತ್ತು ಇಂಚಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸೋದು ಹೆಚ್ಚುಕಡಿಮೆ ಮೂರು ನಿಮಿಷ. ಕಿರಾಣಾ ಘರಾಣೆಯವರು ಒಂದೊಂದೇ ಸ್ವರ ಹಚ್ಚುತ್ತ ರಾಗ ಬೆಳೆಸೋರು. ಒಂದು ಖ್ಯಾಲಿಗೆ ತಾಸು ಹಿಡಿದರೂ ಆಶ್ಚರ್ಯ ಇಲ್ಲ. ತಾಸಿನ ಗಾಯನವನ್ನ ಮೂರು ನಿಮಿಷಕ್ಕ ಇಳಿಸಿದರ ಮೊದಲು ಬಿಟ್ಟುಹೋಗೋದು ಆ ನಿಧಾನವೇ.

ಅಮೆರಿಕದ ಕೂಲ್ ಜಾಝ್ ಗಿಟಾರ್ ವಾದಕ ಜಿಮ್ ಹಾಲ್ 1957ರಲ್ಲಿ ಡ್ರಮ್ ಇಲ್ಲದೆ, ಪಿಯಾನೊ ಮತ್ತು ಬಾಸ್ ಜೊತೆ ಒಂದು ಆಲ್ಬಂ ತಂದ. ಮೂರೇ ಮಂದಿ, ದನಿ ಏರಿಸದೆ ಮಾತಾಡಿದ ಹಂಗ. ಆದರ ಅವನ ಕಾಲಕ್ಕ ಎಲ್‌ಪಿ ಬಂದಿತ್ತು, ಒಂದು ಬದಿಗೇ ಇಪ್ಪತ್ತು ನಿಮಿಷದ ಜಾಗ ಇತ್ತು. ನಮ್ಮ ಕುಂದಗೋಳದವರಿಗೆ ಆ ಸವಲತ್ತು ಸಿಗಲಿಲ್ಲ.

ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ರಾಮಭಾವು ಕುಂದಗೋಳಕರ, 1886ರಲ್ಲಿ ಹುಟ್ಟಿದವರು, ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡಿ, ಹಾಡಿ, 'ಸವಾಯಿ ಗಂಧರ್ವ' ಅನ್ನಿಸಿಕೊಂಡರು. ಸವಾಯಿ ಅಂದರ ಒಂದೂಕಾಲು. 1952ರಲ್ಲಿ ತೀರಿಕೊಂಡರು. ಅವರ ದನಿ ನಮಗೆ ಉಳಿದದ್ದು ಬಹುಪಾಲು ಇಂಥ ತಟ್ಟೆಗಳಲ್ಲೇ.

ಹಂಗಂತ ತಟ್ಟೆಯನ್ನ ಬೈಯೋದೂ ಸರಿಯಲ್ಲ ನೋಡ್ರಿ. ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ತಟ್ಟೆ ಕೇಳಿ ಹುಚ್ಚು ಹಿಡಿದ ಹುಡುಗನೊಬ್ಬ ಗುರು ಬೇಕಂತ ಮನೆ ಬಿಟ್ಟು ಓಡಿದ. ಉತ್ತರ ಹಿಂದೂಸ್ತಾನವೆಲ್ಲ ಅಲೆದು, ಕೊನೆಗೆ ಕುಂದಗೋಳಕ್ಕೇ ಬಂದು, ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತು ಕಲಿತ. ಅವರೇ ಭೀಮಸೇನ ಜೋಶಿ. ಆ ಮೂರು ನಿಮಿಷ ಇರದಿದ್ದರ ಆ ಹುಡುಗ ಮನೆ ಬಿಡ್ತಿದ್ದನೋ ಇಲ್ಲೋ.

ಇನ್ನು ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಇದೇ ಗುರುವಿನ ಕಡೆ ಕಲಿತವರು. ಅದಕ್ಕೂ ಮೊದಲೇ, 1930ರ ದಶಕದ ಶುರುವಿನಲ್ಲಿ, ಎಚ್‌ಎಂವಿ ಅವರ ತಟ್ಟೆಗಳನ್ನು 'ಗಾಂಧಾರಿ' ಅನ್ನೋ ಹೆಸರಿನಲ್ಲಿ ತಂದಿತ್ತು. ಅವನ್ನು ಕೇಳಿದರ ತೆಳುವಾದ, ಎತ್ತರದ ದನಿ. ನಾವು ಬಲ್ಲ ಆ ಗಡಸು, ಗಂಭೀರ ದನಿ ಬಂದದ್ದು ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ. ಅಂದ ಮೇಲೆ ಆ ಮೊದಲಿನ ಗಂಗೂಬಾಯಿ ಈಗ ತಟ್ಟೆಯಲ್ಲಿ ಮಾತ್ರ ಅದಾರ. ತಾವೇ ಹೋಗಿ ಹಾಡಂದರೂ ಅವರಿಂದ ಆ ದನಿ ಮತ್ತ ಬರ್ತಿರಲಿಲ್ಲ.

ಮೂರು ನಿಮಿಷಕ್ಕ ಹಿಡಿಸದ್ದು ಶಿಷ್ಯರ ಕಂಠದಲ್ಲಿ ಮುಂದುವರಿಯಿತು: ಭೀಮಸೇನರು, ಗಂಗೂಬಾಯಿ, ಇದೇ ತಾಲೂಕಿನ ಯಲಿವಾಳದ ಬಸವರಾಜ ರಾಜಗುರು, ಫಿರೋಜ್ ದಸ್ತೂರ್. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗುರುವಿನ ನೆನಪಿಗೆ ನಡೆಯೋ ಅಹೋರಾತ್ರಿ ಸಂಗೀತದಲ್ಲಿ ಗಡಿಯಾರದ ಹಂಗಿಲ್ಲ.

ಅಜ್ಜನ ತುಂಡುಗಳನ್ನು ಹೋದ ವರ್ಷ ಜೋಡಿಸಿ ನೋಡಿದೆ. ಲೇಬಲ್ಲಿನ ಅಕ್ಷರ ಪೂರಾ ಅಳಿಸಿದಾವ. ಯಾರ ದನಿ ಒಡೆದೆ ಅಂತ ಕೇಳೋಣ ಅಂದರ ಈಗ ಅಜ್ಜ ಇಲ್ಲ.

ನಿಮ್ಮ ಅಟ್ಟದ ಮ್ಯಾಲೆ ಇಂಥ ತಟ್ಟೆ ಇದ್ದರ ಗುಜರಿಗೆ ಹಾಕಬ್ಯಾಡ್ರಿ. ಅವು ಅರಗಿನವು, ಸ್ಪಿರಿಟ್ ಹಚ್ಚಿ ಒರೆಸಿದರ ಕರಗ್ತಾವ. ಒಂದರ ಮೇಲೊಂದು ಪೇರಿಸದೆ, ನೆಟ್ಟಗ ನಿಂದರಿಸಿ ಇಡ್ರಿ. ಮತ್ತ ಮನಿಯಾಗ ಹಿರಿಯರು ಇದ್ದರ ಇವತ್ತೇ ಕೇಳ್ರಿ, ಅದರಾಗ ಯಾರು ಹಾಡ್ಯಾರಂತ.

ಮುಂದಿನ ವಾರ ಸಿಗೋಣ್ರಿ.