ಗಣಕದಲ್ಲಿ ಝಡ್ ಡ್ರೈವ್, ಕಡತ ಮಾತ್ರ ದೂರದ ಸರ್ವರ್‌ನಲ್ಲಿ

ಜಾಲತಾಣಗಳನ್ನು ನಿರ್ವಹಿಸುವವರು ಹೊಸ ಪುಟ, ಚಿತ್ರ ಮತ್ತು ದಾಖಲೆಗಳನ್ನು ಸರ್ವರ್‌ಗೆ ಏರಿಸಲು ಬಹುಕಾಲ ಎಫ್‌ಟಿಪಿಯನ್ನೇ ನೆಚ್ಚಿಕೊಂಡಿದ್ದರು. ಐಐಟಿ ಕಾನ್ಪುರದಲ್ಲಿ ಕಲಿತ ಅಭಯ್ ಭೂಷಣ್ 1971ರಲ್ಲಿ ಮೊದಲಿಗೆ ರೂಪಿಸಿದ ಈ ವಿಧಾನದಲ್ಲಿ ಕಡತವನ್ನು ಇಳಿಸಿಕೊಂಡು, ತಿದ್ದಿ, ಮತ್ತೆ ಏರಿಸಬೇಕು. ಈ ಓಡಾಟವನ್ನು ತಪ್ಪಿಸುವ ಮಾರ್ಗವೆಂದರೆ ಸರ್ವರ್‌ನ ಫೋಲ್ಡರನ್ನು ಸ್ವಂತ ಗಣಕದ ಡ್ರೈವ್‌ನಂತೆ ಜೋಡಿಸಿಕೊಳ್ಳುವುದು. ಆಗ ಸಿ, ಡಿ ಡ್ರೈವ್‌ಗಳ ಸಾಲಿನಲ್ಲಿ ಝಡ್ ಎಂಬ ಮತ್ತೊಂದು ಡ್ರೈವ್ ಕಾಣಿಸಿಕೊಳ್ಳುತ್ತದೆ. ಅದರೊಳಗೆ ಹಾಕಿದ ಕಡತ ಸರ್ವರ್ ಸೇರುತ್ತದೆ.

ಇದಕ್ಕೆ ಆಧಾರ ವೆಬ್‌ಡಾವ್ ಎಂಬ ನಿಯಮಾವಳಿ. ಜಾಲಪುಟಗಳನ್ನು ತರಿಸಿಕೊಡುವ ಎಚ್‌ಟಿಟಿಪಿಗೇ ಫೋಲ್ಡರ್ ರಚಿಸುವ, ನಕಲಿಸುವ, ಸ್ಥಳಾಂತರಿಸುವ ಮತ್ತು ಬೀಗ ಹಾಕುವ ಆದೇಶಗಳನ್ನು ಸೇರಿಸಿ 1999ರಲ್ಲಿ ಇದನ್ನು ಪ್ರಕಟಿಸಲಾಯಿತು; 2007ರಲ್ಲಿ ಪರಿಷ್ಕರಿಸಲಾಯಿತು. ಒಬ್ಬರು ತಿದ್ದುತ್ತಿರುವ ಕಡತದ ಮೇಲೆ ಇನ್ನೊಬ್ಬರು ಬರೆಯದಂತೆ ಈ ಬೀಗ ತಡೆಯುತ್ತದೆ. ಹೆಸರಿನ ಕೊನೆಯಲ್ಲಿರುವ ‘ವಿ’ ಅಕ್ಷರ ಹಳೆಯ ಆವೃತ್ತಿಗಳನ್ನು ಕಾದಿರಿಸುವುದನ್ನು ಸೂಚಿಸುತ್ತದೆ. ವಿಚಿತ್ರವೆಂದರೆ ಮೂಲ ನಿಯಮಾವಳಿಯಲ್ಲಿ ಆ ಸೌಲಭ್ಯವೇ ಇರಲಿಲ್ಲ. ಅದು ಬಂದದ್ದು 2002ರಲ್ಲಿ, ಪ್ರತ್ಯೇಕ ದಾಖಲೆಯಾಗಿ.

ಜೋಡಣೆ ಸುಲಭ. ಸರ್ವರ್‌ನಲ್ಲಿ ವೆಬ್‌ಡಾವ್ ಸಕ್ರಿಯವಾಗಿರಬೇಕು. ವಿಂಡೋಸ್‌ನಲ್ಲಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಆಯ್ಕೆಗೆ ಹೋಗಿ, ಒಂದು ಅಕ್ಷರವನ್ನು ಆರಿಸಿ, ಸರ್ವರ್‌ನ ವಿಳಾಸ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ನೀಡಿದರೆ ಆಯಿತು. ಮ್ಯಾಕ್‌ನಲ್ಲಿ ಫೈಂಡರ್‌ನ ‘ಕನೆಕ್ಟ್ ಟು ಸರ್ವರ್’, ಲಿನಕ್ಸ್‌ನಲ್ಲಿ ಡಾವ್‌ಎಫ್‌ಎಸ್2 ಇದೇ ಕೆಲಸ ಮಾಡುತ್ತವೆ. ಆದರೆ ವಿಂಡೋಸ್‌ನಲ್ಲಿ ಇದನ್ನು ನಡೆಸುವ ‘ವೆಬ್‌ಕ್ಲೈಂಟ್’ ಸೇವೆಯನ್ನು ಮೈಕ್ರೋಸಾಫ್ಟ್ 2023ರ ನವೆಂಬರ್‌ನಲ್ಲಿ ಕೈಬಿಡಲಿರುವ ಸೌಲಭ್ಯಗಳ ಪಟ್ಟಿಗೆ ಸೇರಿಸಿತು. ಅದು ತಾನಾಗಿ ಚಾಲನೆಗೊಳ್ಳುವುದಿಲ್ಲ. ಬಳಕೆದಾರರೇ ಚಾಲೂ ಮಾಡಿಕೊಳ್ಳಬೇಕು.

ತೊಡಕು ಶುರುವಾಗುವುದು ಜೋಡಣೆಯ ನಂತರ. ಡ್ರೈವ್ ಸ್ವಂತದ್ದೆಂಬ ಭಾವನೆ ಬಳಕೆದಾರರನ್ನು ಹಲವು ಬಗೆಯಲ್ಲಿ ಮೋಸಗೊಳಿಸುತ್ತದೆ. ಝಡ್ ಡ್ರೈವ್‌ನಲ್ಲಿ ಖಾಲಿ ಇದೆಯೆಂದು ವಿಂಡೋಸ್ ತೋರಿಸುವ ಜಾಗ ಅನೇಕ ವೇಳೆ ಸರ್ವರ್‌ನದ್ದಲ್ಲ, ಅದೇ ಗಣಕದ ಸಿ ಡ್ರೈವ್‌ನದು. ನಕಲಿನ ಪಟ್ಟಿ ಸರಸರನೆ ಕೊನೆ ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ನಿಜವಾದ ರವಾನೆ ನಡೆಯುವುದು ಆಗಲೇ. ಕೆಟ್ಟುನಿಂತಿತೆಂದು ತಿಳಿದು ರದ್ದು ಮಾಡುವವರೇ ಹೆಚ್ಚು. ಸರ್ವರ್‌ನಿಂದ ತೆರೆಯುವ ಕಡತ ಸುಮಾರು 5 ಕೋಟಿ ಬೈಟ್‌ಗಳನ್ನು ಮೀರಿದರೆ ವಿಂಡೋಸ್ ನಿರಾಕರಿಸುತ್ತದೆ. ರಿಜಿಸ್ಟ್ರಿಯಲ್ಲಿ ಈ ಮಿತಿಯನ್ನು 4 ಜಿಬಿವರೆಗೆ ಏರಿಸಬಹುದು. ಝಡ್ ಡ್ರೈವ್‌ನಲ್ಲಿ ಅಳಿಸಿದ್ದು ಗಣಕದ ಕಸದಬುಟ್ಟಿಗೆ ಹೋಗುವುದಿಲ್ಲ, ನೇರವಾಗಿ ಅಳಿದುಹೋಗುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ಉದಾಸೀನ ಸಲ್ಲದು. ‘ಬೇಸಿಕ್’ ದೃಢೀಕರಣದಲ್ಲಿ ಪಾಸ್‌ವರ್ಡ್ ಗೂಢಲಿಪಿಯಾಗುವುದಿಲ್ಲ, ವೇಷ ಮಾತ್ರ ಬದಲಿಸುತ್ತದೆ. ಆದ್ದರಿಂದಲೇ ವಿಂಡೋಸ್ ಅದನ್ನು ಎಚ್‌ಟಿಟಿಪಿಎಸ್ ವಿಳಾಸಗಳಿಗೆ ಮಾತ್ರ ಅನುಮತಿಸುತ್ತದೆ. ರಿಜಿಸ್ಟ್ರಿಯಲ್ಲಿ ಈ ತಡೆಯನ್ನು ಸಡಿಲಿಸುವ ಸಲಹೆಗಳು ಹೇರಳವಾಗಿವೆ. ಅವುಗಳನ್ನು ಪಾಲಿಸುವುದೆಂದರೆ ಕೀಲಿಯನ್ನು ದಾರಿಹೋಕರ ಕೈಗಿಟ್ಟಂತೆ.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಪಿಎಚ್‌ಪಿಯಂಥ ಚಾಲನಾ ಕಡತಗಳದ್ದು. ಡ್ರೈವ್‌ನಲ್ಲಿ ಅಂಥ ಕಡತವನ್ನು ತೆರೆದಾಗ ಸರ್ವರ್‌ಗೆ ತಲುಪುವುದು ಸಾಮಾನ್ಯ ಜಾಲಪುಟದ ಕೋರಿಕೆಯೇ. ಸರ್ವರ್ ಕಡತವನ್ನು ಚಲಾಯಿಸಿ, ಅದರಿಂದ ಹುಟ್ಟಿದ ಪುಟವನ್ನು ಕಳುಹಿಸುತ್ತದೆ. ಅದನ್ನೇ ಮೂಲವೆಂದು ತಿಳಿದು ತಿದ್ದಿ ಉಳಿಸಿದರೆ ಮೂಲ ಸಂಕೇತದ ಮೇಲೆ ಆ ಪುಟ ಕುಳಿತುಬಿಡುತ್ತದೆ. ಹಳೆಯ ಆವೃತ್ತಿ ಎಲ್ಲಿಯೂ ಉಳಿಯುವುದಿಲ್ಲ. ಅಪಾಚೆ ಸರ್ವರ್‌ನ ಕೈಪಿಡಿ ಇದಕ್ಕೆ ಸೂಚಿಸುವ ಉಪಾಯವೆಂದರೆ ಒಂದೇ ಫೋಲ್ಡರ್‌ಗೆ ಎರಡು ವಿಳಾಸಗಳು: ಸಂದರ್ಶಕರ ವಿಳಾಸದಲ್ಲಿ ಕಡತ ಚಾಲನೆಗೊಳ್ಳುತ್ತದೆ, ವೆಬ್‌ಡಾವ್ ವಿಳಾಸದಲ್ಲಿ ಬರೀ ಪಠ್ಯವಾಗಿ ದೊರೆಯುತ್ತದೆ. ಡ್ರೈವ್‌ಗೆ ಜೋಡಿಸಬೇಕಾದ್ದು ಎರಡನೆಯದನ್ನು, ಅದೂ ಪಾಸ್‌ವರ್ಡ್ ಕಾವಲಿನೊಂದಿಗೆ.