ಗಾಳಿಗೆ ಎರಡು ಕೆಲಸ

ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಪಂಕ್ಚರ್ ಅಂಗಡಿಗಳ ಮುಂದೆ ಎರಡು ಬಗೆಯ ಬೈಕ್ ಸವಾರರು ಬಂದು ನಿಲ್ಲುತ್ತಾರೆ. ಹೆಚ್ಚಿನವರು ಟೈರಿಗೆ ಗಾಳಿ ತುಂಬಿಸಲು, ಕೆಲವರು ಇಳಿಸಲು. ‘ಥೋಡಾ ಹವಾ ಕಮ್ ಕರ್ ದೋ’ ಎನ್ನುವ ಈ ಎರಡನೆಯವರ ನಂಬಿಕೆ ಸರಳವಾದದ್ದು: ಗಾಳಿ ಕಡಿಮೆಯಿದ್ದರೆ ಟೈರು ನೆಲಕ್ಕೆ ಹೆಚ್ಚು ಅಂಟುತ್ತದೆ, ಒದ್ದೆ ರಸ್ತೆಯಲ್ಲಿ ಜಾರುವುದಿಲ್ಲ. ಇದು ಪೂರ್ತಿ ಸುಳ್ಳಲ್ಲ. ಆದರೆ ಅದು ನಿಜವಾಗುವ ಜಾಗ ಪಾಮ್ ಬೀಚ್ ರಸ್ತೆಯಲ್ಲ.

ಅದು ನಿಜವಾಗುವುದು ಟ್ರಯಲ್ಸ್ ಎಂಬ ಆಟದಲ್ಲಿ. ಇದು ವೇಗದ ಪಂದ್ಯವಲ್ಲ. ಬಂಡೆ, ಮರದ ದಿಮ್ಮಿ, ಹಳ್ಳಗಳ ಮೇಲೆ ಸವಾರ ಕಾಲು ನೆಲಕ್ಕೂರದೆ ಬೈಕು ದಾಟಿಸಬೇಕು. ಕಾಲೂರಿದರೆ ದಂಡದ ಅಂಕ. ಸ್ಕಾಟ್ಲೆಂಡಿನಲ್ಲಿ 1909ರಲ್ಲಿ ಬೇರುಬಿಟ್ಟ ‘ಸ್ಕಾಟಿಷ್ ಸಿಕ್ಸ್ ಡೇಸ್’ ಇದರ ಹಳೆಯ ಸ್ಪರ್ಧೆಗಳಲ್ಲೊಂದು. 1952 ಮತ್ತು 1957ರಲ್ಲಿ ಅದನ್ನು ಗೆದ್ದ ಜಾನಿ ಬ್ರಿಟನ್ ಓಡಿಸಿದ್ದು ರಾಯಲ್ ಎನ್‌ಫೀಲ್ಡ್. ಆ ಗೆಲುವುಗಳ ನೆನಪಿಗೆಂದೇ 2019ರಲ್ಲಿ ನಮ್ಮ ದೇಶದಲ್ಲಿ ‘ಬುಲೆಟ್ ಟ್ರಯಲ್ಸ್’ ಹೆಸರಿನ ಗಾಡಿಗಳು ಮಾರುಕಟ್ಟೆಗೆ ಬಂದವು.

ರಸ್ತೆಯ ಬೈಕಿನ ಟೈರಿನಲ್ಲಿ ಚದರಂಗುಲಕ್ಕೆ ಸುಮಾರು 30 ಪೌಂಡು ಗಾಳಿಯಿದ್ದರೆ ಇಂದಿನ ಟ್ರಯಲ್ಸ್ ಬೈಕಿನ ಹಿಂದಿನ ಟೈರಿನಲ್ಲಿ ಇರುವುದು ನಾಲ್ಕೈದು ಪೌಂಡು ಮಾತ್ರ. ಅಷ್ಟು ಮೆತ್ತಗಿದ್ದರೆ ಟೈರು ಕಲ್ಲಿನ ಮೂಲೆಯನ್ನು ಅಂಗೈಯಂತೆ ತಬ್ಬಿ ಹಿಡಿಯುತ್ತದೆ. ತೊಂದರೆಯಿರುವುದು ಇನ್ನೊಂದು ಕಡೆ. ಟೈರಿನೊಳಗಿನ ಗಾಳಿ ಭಾರ ಹೊರುವುದಷ್ಟೇ ಅಲ್ಲ, ಟೈರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿಯುವುದೂ ಅದೇ. ಒಂದು ಕೆಲಸಕ್ಕಾಗಿ ಗಾಳಿ ಇಳಿಸಿದರೆ ಇನ್ನೊಂದು ಕೆಲಸ ಕೆಡುತ್ತದೆ. ಟೈರಿನ ಇತಿಹಾಸದ ಬಹುಪಾಲು ಈ ಎರಡು ಕೆಲಸಗಳನ್ನು ಬಿಡಿಸುವ ಪ್ರಯತ್ನದ ಕತೆ.

ಎತ್ತಿನ ಗಾಡಿಯ ಕಾಲದಲ್ಲಿ ಈ ತೊಡಕಿರಲಿಲ್ಲ. ಕಮ್ಮಾರ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ ನೀರು ಸುರಿಯುತ್ತಿದ್ದ. ತಣಿದು ಕುಗ್ಗಿದ ಹಳಿ ಗಾಲಿಯನ್ನು ತಾನೇ ಬಿಗಿದುಕೊಳ್ಳುತ್ತಿತ್ತು. ರಾಬರ್ಟ್ ವಿಲಿಯಮ್ ಥಾಮ್ಸನ್ 1845ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದಾಗ ಹೊರಗಿನ ಚರ್ಮದ ಹೊದಿಕೆಯನ್ನು ಗಾಲಿಗೆ ಬೋಲ್ಟು ಹಾಕಿ ಬಿಗಿಯಬೇಕಾಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದೇ ವಿಚಾರವನ್ನು ಮತ್ತೆ ಕಂಡುಕೊಂಡ. ಅವನ ಟೈರು ಗಾಲಿಗೆ ಕಾಯಮ್ಮಾಗಿ ಅಂಟಿಕೊಂಡಿರುತ್ತಿತ್ತು; ಪಂಕ್ಚರಾದರೆ ಕಿತ್ತು ತೆಗೆಯುವುದೇ ದೊಡ್ಡ ಕೆಲಸ.

1890ರಲ್ಲಿ ಎರಡು ದಾರಿಗಳು ತೆರೆದವು. ಬಾರ್ಟ್‌ಲೆಟ್ ಎಂಬಾತ ಟೈರಿನ ಅಂಚನ್ನು ಕೊಕ್ಕೆಯಂತೆ ಮಾಡಿ ರಿಮ್ಮಿನ ತುದಿಗೆ ಸಿಕ್ಕಿಸಿದ. ಗಾಳಿ ಬಿಗಿಯಾಗಿರುವವರೆಗೆ ಕೊಕ್ಕೆ ಕೂತಿರುತ್ತಿತ್ತು; ಇಳಿದರೆ ಟೈರು ರಿಮ್ಮಿನ ಮೇಲೆ ತೆವಳಿ ಟ್ಯೂಬಿನ ವಾಲ್ವನ್ನೇ ಕಿತ್ತುಹಾಕುವ ಭಯ. ಅದಕ್ಕೆ ರಿಮ್ಮಿನ ಮೂಲಕ ಅಂಚನ್ನು ಅದುಮಿ ಹಿಡಿಯುವ ಬೋಲ್ಟು ಸೇರಿಸಿದರು. ಅದೇ ವರ್ಷ ಚಾರ್ಲ್ಸ್ ವೆಲ್ಚ್ ಅಂಚಿನೊಳಗೆ ಹಿಗ್ಗದ ತಂತಿ ಇಟ್ಟ. ಇಂದಿನ ಬಹುತೇಕ ಟೈರುಗಳು ವೆಲ್ಚ್ ತೋರಿದ ದಾರಿಯಲ್ಲಿವೆ.

ತಂತಿ ಬಂದರೂ ಒಳಗೆ ಟ್ಯೂಬು ಉಳಿಯಿತು. ಗಾಳಿ ತೀರ ಕಡಿಮೆಯಿದ್ದಾಗ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕ ಟ್ಯೂಬು ಚಿವುಟಿದಂತೆ ತೂತಾಗುತ್ತದೆ. ಟ್ಯೂಬನ್ನೇ ಕೈಬಿಡಲು ಗಾಳಿ ಸೋರದ ರಬ್ಬರ್ ಬೇಕಿತ್ತು. ಅಮೆರಿಕದಲ್ಲಿ 1937ರಲ್ಲಿ ಸಿದ್ಧವಾದ ಬ್ಯೂಟೈಲ್ ರಬ್ಬರ್ ನೈಸರ್ಗಿಕ ರಬ್ಬರಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಗಾಳಿಯನ್ನಷ್ಟೇ ಹೊರಬಿಡುತ್ತದೆ. ಗುಡ್‌ರಿಚ್ ಕಂಪನಿಯ ಫ್ರಾಂಕ್ ಹೆರ್ಜೆಗ್ 1946ರಲ್ಲಿ ಟ್ಯೂಬಿಲ್ಲದ ಟೈರಿಗೆ ಅರ್ಜಿ ಹಾಕಿದ. ಪೇಟೆಂಟ್ ಸಿಕ್ಕಿದ್ದು 1952ರಲ್ಲಿ.

ಕಾರಿನ ರಿಮ್ಮು ಅಖಂಡ ತಗಡು. ಬೈಕಿನ ಸ್ಪೋಕ್ ಚಕ್ರದ ರಿಮ್ಮಿನಲ್ಲಿ ಕಡ್ಡಿಗೊಂದರಂತೆ ತೂತು. ಬಿಎಂಡಬ್ಲ್ಯು 1987ರಲ್ಲಿ ಕಡ್ಡಿಗಳನ್ನು ರಿಮ್ಮಿನ ಹೊರ ಅಂಚಿಗೆ ಸಿಕ್ಕಿಸಿ ಈ ತೂತುಗಳನ್ನು ಗಾಳಿಯ ದಾರಿಯಿಂದ ಆಚೆಗಿಟ್ಟಿತು. ಟ್ರಯಲ್ಸ್ ಬೈಕುಗಳ ಹಿಂದಿನ ಚಕ್ರದಲ್ಲಿ ಎರಡು ಉಪಾಯಗಳಿವೆ: ಕೆಲವು ರಿಮ್ಮುಗಳ ನಡುವೆ ಎದ್ದ ಏಣಿಗೆ ಕಡ್ಡಿಗಳನ್ನು ಸಿಕ್ಕಿಸುತ್ತಾರೆ, ಕೆಲವುಗಳಲ್ಲಿ ತೂತುಗಳ ಮೇಲೆ ದಪ್ಪ ರಬ್ಬರ್ ಪಟ್ಟಿ ಕೂರಿಸುತ್ತಾರೆ. ಆ ಪಟ್ಟಿಯನ್ನೂ ಒತ್ತಿ ಹಿಡಿಯುವುದು ಮತ್ತೆ ಅದೇ ಗಾಳಿ. ಪಟ್ಟಿಯ ಕೆಳಗೆ ಚೂರು ಮಣ್ಣೋ ತುಕ್ಕೋ ಸಿಕ್ಕಿದರೆ 30 ಪೌಂಡಿನಲ್ಲಿ ಮುಚ್ಚಿಕೊಂಡಿರುವ ಸಂದು 4 ಪೌಂಡಿನಲ್ಲಿ ತೆರೆದುಕೊಳ್ಳಬಹುದು.

ಲೆಕ್ಕವೂ ಕಡಿಮೆ ಗಾಳಿಯ ವಿರುದ್ಧವೇ ಇದೆ. 30 ಪೌಂಡಿನ ಟೈರು ಒಂದು ಪೌಂಡು ಕಳೆದುಕೊಂಡರೆ ಹೋಗಿದ್ದು ಮೂವತ್ತರಲ್ಲೊಂದು ಪಾಲು. 5 ಪೌಂಡಿನ ಟೈರಿಗೆ ಐದರಲ್ಲೊಂದು. ತಾಪಮಾನ 10 ಡಿಗ್ರಿ ಇಳಿದರೆ, ಏನೂ ಸೋರದೆಯೇ, 5 ಪೌಂಡಿನ ಟೈರಿನಲ್ಲಿ ಅರ್ಧ ಪೌಂಡಿಗೂ ಹೆಚ್ಚು ಕಡಿಮೆಯಾಗುತ್ತದೆ. ಸಮುದ್ರಮಟ್ಟದ ಸೀವುಡ್ಸ್‌ನಲ್ಲಿ ಅಳೆದು 600 ಮೀಟರಿಗೂ ಎತ್ತರದ ಲೋನಾವಳಕ್ಕೆ ಒಯ್ದರೆ, ಅಲ್ಲಿ ಹೊರಗಿನ ಗಾಳಿಯ ಒತ್ತಡ ತಗ್ಗುವುದರಿಂದ, ಅದೇ ಟೈರು ಸುಮಾರು ಒಂದು ಪೌಂಡು ಹೆಚ್ಚು ತೋರಿಸುತ್ತದೆ. ಟ್ರಯಲ್ಸ್ ಸವಾರರು ಸಣ್ಣ ಅಂಕಿಗಳ ಬೇರೆ ಗೇಜು ಇಟ್ಟುಕೊಳ್ಳುವುದು, ಆಟದ ಜಾಗಕ್ಕೆ ಹೋದ ಮೇಲೆಯೇ ಅಳೆಯುವುದು ಇದಕ್ಕಾಗಿ.

ಇಷ್ಟೆಲ್ಲ ಎಚ್ಚರ ನಡಿಗೆಯ ವೇಗದಲ್ಲಿ ಓಡುವ ಹಗುರ ಬೈಕಿಗೆ. ಡಾಂಬರು ರಸ್ತೆಯಲ್ಲಿ ಕತೆ ತಿರುಗುಮುರುಗು. ಅಲ್ಲಿ ಟೈರು ನೀರನ್ನು ಒತ್ತಿ ಪಕ್ಕಕ್ಕೆ ಸರಿಸಬೇಕು. ಗಾಳಿ ಇಳಿದಷ್ಟೂ ಆ ಒತ್ತುವ ಶಕ್ತಿ ತಗ್ಗಿ, ಕಡಿಮೆ ವೇಗದಲ್ಲೇ ಟೈರು ನೀರಿನ ಮೇಲೆ ತೇಲಲು ಶುರುಮಾಡುತ್ತದೆ. ಹಳೆಯ ಸ್ಪೋಕ್ ರಿಮ್ಮಿನ ತೂತುಗಳಿಗೆ ಅಂಟು ಬಳಿದು ಟ್ಯೂಬ್‌ಲೆಸ್ ಮಾಡಿಸಿಕೊಂಡವರಿಗೆ ಅಪಾಯ ಇನ್ನೂ ಹೆಚ್ಚು. ಟ್ಯೂಬ್‌ಲೆಸ್ ರಿಮ್ಮಿನೊಳಗೆ ಟೈರಿನ ಅಂಚು ಒಳಕ್ಕೆ ಜಾರದಂತೆ ತಡೆಯುವ ಸಣ್ಣ ಉಬ್ಬೊಂದು ಇರುತ್ತದೆ. ಟ್ಯೂಬಿಗೆಂದೇ ಮಾಡಿದ ಎಷ್ಟೋ ರಿಮ್ಮುಗಳಲ್ಲಿ ಅದಿಲ್ಲ. ಗಾಳಿ ಇಳಿದು ಗಾಡಿ ತಿರುವಿನಲ್ಲಿ ಬಾಗಿದಾಗ ಆ ಅಂಚನ್ನು ಹಿಡಿಯುವವರು ಯಾರೂ ಇರುವುದಿಲ್ಲ.

ಪಂಕ್ಚರ್ ಅಂಗಡಿಯ ಪರೀಕ್ಷೆ ಮಾತ್ರ ಹಳೆಯದೇ. ಟ್ಯೂಬನ್ನು ಮುಳುಗಿಸುವ ನೀರಿನ ಬಾಣಲೆ ಮೂಲೆಗೆ ಸರಿದ ಕಡೆಯೂ ಸೋಪಿನ ನೀರಿನ ಬಾಟಲಿ ಉಳಿದಿದೆ. ಟೈರಿನ ಅಂಚು, ವಾಲ್ವಿನ ಬುಡ, ಕಡ್ಡಿಗಳ ತುದಿ, ಎಲ್ಲೆಡೆ ಸವರಿ ಗುಳ್ಳೆ ಏಳುವ ಜಾಗ ನೋಡುತ್ತಾರೆ. ಗುಳ್ಳೆ ಎಲ್ಲೂ ಏಳದಿದ್ದರೆ, ಕಂಪನಿ ಬರೆದಷ್ಟು ಗಾಳಿ ತುಂಬಿಸಿಕೊಂಡು ಮಳೆಯಲ್ಲಿ ಹೊರಡಬಹುದು.