ತಳದ ಅಕ್ಷರಗಳು

ಶಾಸನವೆಂದೊಡನೆ ನಮಗೆ ಕಲ್ಲು, ತಾಮ್ರಪಟಗಳು ನೆನಪಾಗುತ್ತವೆ. ಚಹಾದ ಕೆಟಲಿನ ತಳದಲ್ಲಿಯೂ ಶಾಸನವಿರಬಹುದೆಂಬುದನ್ನು ನಾನು ತಡವಾಗಿ ಕಲಿತೆ. ಕಲಿಯುವ ಮೊದಲು ಒಂದು ತಪ್ಪನ್ನೂ ಮಾಡಿದ್ದೆ.

ಅಧ್ಯಾಪಕನಾಗಿದ್ದ ದಿನಗಳಲ್ಲಿ ನರಗುಂದದ ಹಳೆಯ ಮನೆಯೊಂದರಲ್ಲಿ ಹೊಳೆಯುವ ಕೆಟಲೊಂದನ್ನು ಕಂಡೆ. "ಸರ, ಇದು ಬಾಬಾಸಾಹೇಬ್ರ ಅರಮನಿ ಬೆಳ್ಳಿ ನೋಡ್ರಿ. ನಮ್ಮ ಹಿರೇರು ಅಲ್ಲಿ ಕಾರಕೂನ ಇದ್ರು" ಎಂದರು ಮನೆಯ ಯಜಮಾನರು. ನಾನು ನಂಬಿದೆ, ನಂಬಿದ್ದಷ್ಟೇ ಅಲ್ಲ, ಲೇಖನವೊಂದರಲ್ಲಿ ಹಾಗೆಯೇ ಬರೆದೆ.

ನಂಬಲು ಕಾರಣವಿತ್ತು. ದತ್ತಕವನ್ನು ಇಂಗ್ಲಿಷರು ನಿರಾಕರಿಸಿದ್ದರಿಂದ ಕೆರಳಿದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ, 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಲ್ಲಿಸಿದನು. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು, ಸಂಸ್ಥಾನವೇ ಅಳಿಯಿತು. ಅರಮನೆಯನ್ನು ಕಳೆದುಕೊಂಡ ಊರಿನಲ್ಲಿ ಹೊಳೆಯುವ ಪಾತ್ರೆಗಳೆಲ್ಲ ಅರಮನೆಯವೇ ಆಗಬಯಸುತ್ತವೆ.

ನಿವೃತ್ತಿಯ ಅನಂತರ ಮತ್ತೆ ಆ ಮನೆಗೆ ಹೋದಾಗ ಕೆಟಲನ್ನು ಬೋರಲು ಹಾಕಿದೆ. ತಳದಲ್ಲಿ ಚಿಕ್ಕ ಗುರಾಣಿಯಾಕಾರದ ಚೌಕಟ್ಟುಗಳೊಳಗೆ ಇ, ಪಿ, ಎನ್, ಎಸ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದವು. ದೂರದಿಂದ ನೋಡಿದರೆ ಅಪ್ಪಟ ಬೆಳ್ಳಿಯ ಮುದ್ರೆಯೆಂದೇ ಭ್ರಮೆ. ಆದರೆ ಇಂಗ್ಲೆಂಡಿನ ಅಪ್ಪಟ ಬೆಳ್ಳಿಗೆ ಆಗ ನಡೆಯುತ್ತಿರುವ ಸಿಂಹದ ಗುರುತು ಬೇಕಾಗಿತ್ತು; ಜೊತೆಗೆ ಪರೀಕ್ಷೆಯಾದ ಊರಿನ ಚಿಹ್ನೆ, ಬರ್ಮಿಂಗ್‌ಹ್ಯಾಮಿಗಾದರೆ ಲಂಗರು. ಈ ನಾಲ್ಕು ಅಕ್ಷರಗಳು ಹೇಳುವುದೇ ಬೇರೆ: ನಿಕ್ಕಲ್ ಸಿಲ್ವರಿನ ಮೇಲೆ ವಿದ್ಯುತ್ತಿನಿಂದ ಕೊಟ್ಟ ಬೆಳ್ಳಿಯ ಲೇಪ. ನಾವು ಜರ್ಮನ್ ಸಿಲ್ವರ್ ಎನ್ನುವ ಆ ಲೋಹದಲ್ಲಿ ತಾಮ್ರ, ಸತುವು, ನಿಕ್ಕಲ್ ಇವೆ. ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ! ಈ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ನರು 1840ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಹಿಂದಿನ ಶೆಫೀಲ್ಡ್ ಪ್ಲೇಟಿನಲ್ಲಿ ತಾಮ್ರದ ತಗಡಿಗೆ ಬೆಳ್ಳಿಯ ತಗಡನ್ನು ಕಾಯಿಸಿ ಬೆಸೆಯುತ್ತಿದ್ದರು. ಸವೆದಲ್ಲಿ ತಾಮ್ರದ ಕೆಂಪು ಇಣುಕುತ್ತದೆ. ರೋಣದ ಪತ್ತಾರರೊಬ್ಬರು ನನಗೆ ಮೊದಲು ಕಲಿಸಿದ್ದು ಅದನ್ನೇ: "ಹಿಡಿಕಿ ಸವದದ್ದು ನೋಡ್ರಿ, ಅಕ್ಷರ ಆಮ್ಯಾಲೆ." ಈ ಕೆಟಲಿನ ಹಿಡಿಕೆಯಲ್ಲಿ ಕೆಂಪಿರಲಿಲ್ಲ, ಮಂಕು ಹಳದಿಯಿತ್ತು.

ಲೋಹಕ್ಕೆ ಮುದ್ರೆಯೊತ್ತುವುದು ಈ ಸೀಮೆಗೆ ಹೊಸದೇನಲ್ಲ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಟಂಕಸಾಲೆಯಿತ್ತು. ಅವರ ತೆಳುವಾದ ಹೊನ್ನಿನ ನಾಣ್ಯಗಳ ಮೇಲೆ ಸಿಂಹ, ಕನ್ನಡದ ಶ್ರೀಕಾರ, ಅರಸರ ಬಿರುದುಗಳನ್ನು ಬೇರೆ ಬೇರೆ ಅಚ್ಚುಗಳಿಂದ ಒತ್ತುತ್ತಿದ್ದರು. ಆ ನಾಣ್ಯಗಳ ಅಕ್ಷರಗಳನ್ನು ತರಗತಿಯಲ್ಲಿ ಪಾಠ ಹೇಳಿದವನು, ಕೈಯಲ್ಲಿದ್ದ ಕೆಟಲನ್ನು ಬೋರಲು ಹಾಕಿ ನೋಡಿರಲಿಲ್ಲ.

ಕಾಲವನ್ನು ಖಚಿತಗೊಳಿಸಿದ್ದು ಅಕ್ಷರಗಳ ಕೆಳಗಿದ್ದ ನೋಂದಣಿ ಸಂಖ್ಯೆ. ಇಂಗ್ಲೆಂಡಿನಲ್ಲಿ ವಿನ್ಯಾಸಗಳ ನೋಂದಣಿಗೆ 1842ರಿಂದ 1883ರವರೆಗೆ ವಜ್ರಾಕೃತಿಯ ಗುರುತಿತ್ತು. 1884ರಿಂದ ಒಂದು, ಎರಡು ಎಂದು ಸಂಖ್ಯೆಗಳು ಬಂದವು. 1900ರ ಆರಂಭಕ್ಕೆ ಅವು ಮೂರೂವರೆ ಲಕ್ಷವನ್ನು ದಾಟಿದ್ದವು. ಇಲ್ಲಿದ್ದದ್ದು ಎರಡು ಲಕ್ಷಕ್ಕೆ ಮೇಲ್ಪಟ್ಟ ಸಂಖ್ಯೆ. ಬಾಬಾಸಾಹೇಬನು ಗಲ್ಲಿಗೇರಿ ಮೂವತ್ತು ವರ್ಷಗಳಾದರೂ ಈ ಕೆಟಲು ಹುಟ್ಟಿರಲಿಲ್ಲ.

ಹೇಳುವುದೋ ಬಿಡುವುದೋ ಎಂದು ಬಹಳ ಹೊತ್ತು ತಡೆದೆ. ಹೇಳಿದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಮ್ಮ ಹಿರೇರು ಅರಮನ್ಯಾಗ ಇದ್ದದ್ದೂ ಸುಳ್ಳೇನ್ರಿ?" ಎಂದು ಕೇಳಿದರು. "ಅದನ್ನ ಕೆಟಲು ಹೇಳೂದಿಲ್ರಿ. ಕಾಗದಪತ್ರ ಇದ್ರ ತೋರಸ್ರಿ" ಎಂದೆ. ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಮೋಡಿ ಲಿಪಿಯ ಕಾಗದಗಳ ಕಟ್ಟೊಂದನ್ನು ತಂದು ನನ್ನ ಮುಂದಿಟ್ಟರು. ಮೋಡಿ ನನಗೆ ಬಾರದು. ಬಲ್ಲವರನ್ನು ಕರೆತರುವೆನೆಂದು ಹೇಳಿ ಬಂದೆ. ಅಂದು ರಾತ್ರಿ ಹಳೆಯ ಲೇಖನವನ್ನು ತೆಗೆದು, ಆ ಸಾಲನ್ನು ಹೊಡೆದುಹಾಕಿದೆ.